ಮನೆಯ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕು

ಆಷಾಢದ ಒಂದು ಸಂಜೆ, ಡೊಂಬಿವಲಿ ಪೂರ್ವದ ನಮ್ಮ ಮನೆಯ ಕಿಟಕಿಯಾಚೆ ಮಳೆಯು ಎಡೆಬಿಡದೆ ಸುರಿಯುತ್ತಿದ್ದಾಗ, ಹೋದ ಕರೆಂಟು ಬಂದು, ಬಂದದ್ದು ಮತ್ತೆ ಹೋಗಿ, ಮೂರನೆಯ ಸಲ ಬಂದು ನಿಂತ ಮೇಲೆ, ಒಂಬತ್ತು ವರ್ಷಗಳ ಕಾಲ ಮನೆಮಂದಿಯೆಲ್ಲರ ಕೆಲಸವನ್ನು ತಪ್ಪದೆ ಮಾಡಿಕೊಂಡು ಬಂದಿದ್ದ ನಮ್ಮ ಕಂಪ್ಯೂಟರಿನ ಪೆಟ್ಟಿಗೆಯೊಳಗಿನಿಂದ ಟಕ್, ಟಕ್, ಟಕ್ ಎಂಬ ಸದ್ದು ಸಮನಾದ ಅಂತರದಲ್ಲಿ ಕೇಳಿಬರತೊಡಗಿತು. ಪರದೆಯ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳ ಒಂದೇ ಒಂದು ಸಾಲು ಮೂಡಿ ಹಾಗೆಯೇ ನಿಂತುಬಿಟ್ಟಿತು. ಮರುದಿನ ಬೆಳಿಗ್ಗೆ ಬಂದ ರಿಪೇರಿಯ ಹುಡುಗ ಬೆಳಗಾವಿ ಕಡೆಯವನು. ಪೆಟ್ಟಿಗೆಗೆ ಕಿವಿಯಿಟ್ಟು ಅರೆನಿಮಿಷ ಆಲಿಸಿ, ಸ್ವಿಚ್ಚು ಆರಿಸಿ, ನನ್ನ ಕಡೆ ತಿರುಗಿದನು.

"ಕಾಕಾ, ಡಿಸ್ಕ್ ಹೋಗೇದ. ಒಳಗ ಇದ್ದದ್ದು ಬ್ಯಾರೆ ಕಡೆ ಕಾಪಿ ಇಟ್ಟೀರೇನ್ರಿ?"

"ಇಲ್ಲಪ್ಪ, ಎಲ್ಲ ಇದರಲ್ಲೇ ಇತ್ತು."

"ಡಿಸ್ಕಿಂದೇನ್ರಿ, ಇವತ್ತ ಸಂಜೀಕ ತಂದ ಹಾಕತೇನಿ. ಒಳಗಿಂದು ಎಲ್ಲಿಂದ ತರೂದು?"

ಆ ತರುಣನು ಸಹಜವಾಗಿ ಆಡಿದ ಆ ಮಾತಿಗಿಂತ ಮಿಗಿಲಾದ ಉಪದೇಶವನ್ನು ಈ ವಿಷಯದಲ್ಲಿ ನಾನು ಮತ್ತೆಲ್ಲಿಯೂ ಕೇಳಿಲ್ಲ. ಡಿಸ್ಕು ಎಂಬುದು ಅಂಗಡಿಯಲ್ಲಿ ದೊರೆಯುವ ಪದಾರ್ಥ. ಅದರೊಳಗೆ ನಾವು ತುಂಬಿಟ್ಟದ್ದು ಯಾವ ಅಂಗಡಿಯಲ್ಲಿಯೂ ದೊರೆಯತಕ್ಕದ್ದಲ್ಲ. ನಮ್ಮ ಡಿಸ್ಕಿನಲ್ಲಿ ಎರಡು ಮದುವೆಗಳ ಚಿತ್ರಗಳಿದ್ದವು, ಊರಿನ ದೇವಸ್ಥಾನದ ಜೀರ್ಣೋದ್ಧಾರದ ಲೆಕ್ಕಪತ್ರಗಳಿದ್ದವು, ಮಕ್ಕಳು ಶಾಲೆಯಲ್ಲಿದ್ದಾಗ ಬರೆದ ಪ್ರಬಂಧಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಈಗ ನಮ್ಮೊಡನಿಲ್ಲದ ನನ್ನ ತಂದೆಯವರು ಒಂದು ಶ್ರಾವಣದಲ್ಲಿ ಕುಮಾರವ್ಯಾಸನ ಭಾರತವನ್ನು ವಾಚನ ಮಾಡಿದ್ದ ಎರಡು ಗಂಟೆಗಳ ಧ್ವನಿಮುದ್ರಣವಿತ್ತು. ಇವುಗಳಲ್ಲಿ ಉಳಿದದ್ದು ಆ ಧ್ವನಿಮುದ್ರಣವೊಂದೇ. ಅದೂ ವಾಶಿಯಲ್ಲಿರುವ ನನ್ನ ತಂಗಿ ಹಿಂದೊಮ್ಮೆ ಬಂದಿದ್ದಾಗ ಅದನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಹೋಗಿದ್ದಳಾದ ಕಾರಣ. ಮಿಕ್ಕದ್ದೆಲ್ಲವೂ ಹೋಯಿತು.

ಹೊಸ ಡಿಸ್ಕನ್ನು ಆರಿಸುವ ವಿಚಾರವನ್ನು ನಾನು ಶ್ರದ್ಧೆಯಿಂದ ಕಲಿತದ್ದು ಈ ನಷ್ಟದ ತರುವಾಯವೇ. ಥಾಣೆಯಿಂದ ಕಲ್ಯಾಣದವರೆಗೆ, ಐರೋಲಿಯಿಂದ ಪನ್ವೇಲಿನವರೆಗೆ, ನಮ್ಮಂತೆಯೇ ಹಳೆಯ ಕಂಪ್ಯೂಟರೊಂದನ್ನು ಮೂಲೆಯ ಮೇಜಿನ ಮೇಲಿಟ್ಟುಕೊಂಡು ಸಂಸಾರದ ಚರಿತ್ರೆಯನ್ನೆಲ್ಲ ಅದಕ್ಕೆ ಒಪ್ಪಿಸಿರುವ ಕನ್ನಡದ ಕುಟುಂಬಗಳು ಅಸಂಖ್ಯಾತವಾಗಿರುವುದರಿಂದ, ಕಲಿತದ್ದನ್ನು ಹಂಚಿಕೊಳ್ಳುವುದು ಕರ್ತವ್ಯವೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಅಮೆರಿಕದ ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದ ರಾಮಾಕ್ ಎಂಬ ಗಣಕದೊಡನೆ ಪ್ರಪಂಚದ ಮೊದಲನೆಯ ಡಿಸ್ಕು ಸಂಗ್ರಹವು ಜನ್ಮ ತಾಳಿತು. 24 ಅಂಗುಲ ಅಗಲದ 50 ತಟ್ಟೆಗಳು ಒಂದೇ ಅಚ್ಚಿನ ಮೇಲೆ ತಿರುಗುತ್ತಿದ್ದ ಆ ಯಂತ್ರವು ಮನೆಯ ಕಪಾಟಿಗಿಂತ ದೊಡ್ಡದಾಗಿದ್ದರೂ ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಈಗಿನ ಡಿಸ್ಕಿನ ತತ್ತ್ವವೂ ಅದೇ; ಗಾತ್ರ ಕುಗ್ಗಿ ಸಾಮರ್ಥ್ಯ ಬೆಳೆದಿದೆ, ಅಷ್ಟೆ. ಕಾಂತೀಯ ಲೇಪವುಳ್ಳ ನುಣುಪಾದ ತಟ್ಟೆಯೊಂದು ಮಿನಿಟಿಗೆ 5400 ಅಥವಾ 7200 ಸುತ್ತು ತಿರುಗುತ್ತದೆ. ಅದರ ಮೇಲ್ಮೈಯಿಂದ ಕೂದಲೆಳೆಯ ದಪ್ಪದ ಸಾವಿರಾರನೆಯ ಒಂದು ಪಾಲಿನಷ್ಟು ಎತ್ತರದಲ್ಲಿ, ತಟ್ಟೆಯನ್ನು ಸೋಕದೆ ತೇಲುತ್ತ, ಹೆಡ್ ಎಂಬ ಸೂಕ್ಷ್ಮ ಅವಯವವು ಓದುತ್ತದೆ, ಬರೆಯುತ್ತದೆ. 7200 ಸುತ್ತಿನ ಡಿಸ್ಕಿನಲ್ಲಿ ತಟ್ಟೆಯ ಹೊರ ಅಂಚು ಗಂಟೆಗೆ 120 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಧಾವಿಸುತ್ತಿರುತ್ತದೆ. ಅಂಗೈಯಲ್ಲಿ ಹಿಡಿಯುವ ಪೆಟ್ಟಿಗೆಯೊಂದರೊಳಗೆ ಕಲ್ಯಾಣದ ಫಾಸ್ಟ್ ಲೋಕಲನ್ನೂ ಹಿಂದಿಕ್ಕುವ ಓಟವು ಹಗಲಿರುಳು ನಡೆಯುತ್ತಿರುವಾಗ, ಕರೆಂಟು ಏಕಾಏಕಿ ಹೋಗಿ ಬರುವುದೂ, ಮೇಜಿಗೆ ಕಾಲು ತಗುಲಿ ಪೆಟ್ಟಿಗೆ ಅದುರುವುದೂ ಅದಕ್ಕೆ ಎಷ್ಟು ಅಪಾಯಕರವೆಂಬುದನ್ನು ವಾಚಕರು ತಾವೇ ಊಹಿಸಬಹುದು. ನಾನು ಕೇಳಿದ ಟಕ್ ಟಕ್ ಸದ್ದು, ಹೆಡ್ಡು ತನ್ನ ದಾರಿಯನ್ನು ಹುಡುಕಿ, ಕಾಣದೆ, ಸ್ವಸ್ಥಾನಕ್ಕೆ ಮರಳಿ, ಮತ್ತೆ ಹುಡುಕುವ ಸದ್ದು.

ಇದಕ್ಕೆ ಸಹೋದರನಂತೆ ಬಂದದ್ದು ಎಸ್‌ಎಸ್‌ಡಿ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೋ ಮಾಸುವೋಕಾ ಎಂಬ ವಿಜ್ಞಾನಿಯು 1980ರ ದಶಕದಲ್ಲಿ ಕಂಡುಹಿಡಿದ ಫ್ಲಾಶ್ ಮೆಮೊರಿಯೇ ಇದರ ಆಧಾರ. ಇದರಲ್ಲಿ ತಿರುಗುವ ತಟ್ಟೆಯಿಲ್ಲ, ತೇಲುವ ಹೆಡ್ಡಿಲ್ಲ, ಸದ್ದಿಲ್ಲ. ಸೂಕ್ಷ್ಮ ಕೋಶಗಳಲ್ಲಿ ವಿದ್ಯುತ್ಕಣಗಳನ್ನು ಸೆರೆಹಿಡಿದು ಮಾಹಿತಿಯನ್ನು ಉಳಿಸಲಾಗುತ್ತದೆ. ವೇಗದಲ್ಲಿ ಇವೆರಡಕ್ಕೂ ಅಜಗಜಾಂತರವುಂಟು. ತಿರುಗುವ ಡಿಸ್ಕು ಸೆಕೆಂಡಿಗೆ 100ರಿಂದ 200 ಎಂಬಿಯವರೆಗೆ ಓದಿದರೆ, ಸಾಟಾ ಎಂಬ ಅದೇ ಕೇಬಲಿಗೆ ಜೋಡಿಸುವ ಎಸ್‌ಎಸ್‌ಡಿಯು ಸುಮಾರು 500 ಎಂಬಿಯನ್ನೂ, ಮದರ್‌ಬೋರ್ಡಿನಲ್ಲಿಯೇ ನೆಟ್ಟಗೆ ಕೂಡಿಸುವ ಎನ್‌ವಿಎಂಇ ಬಗೆಯದು ಮೂರು ಸಾವಿರ ಎಂಬಿಯನ್ನೂ ಅದಕ್ಕಿಂತ ಅಧಿಕವನ್ನೂ ಓದಬಲ್ಲುದು. ಆದರೆ ಗೃಹಕೃತ್ಯದಲ್ಲಿ ಈ ಅಂಕಿಗಳಿಗಿಂತ ಮುಖ್ಯವಾದದ್ದು ಬೇರೊಂದಿದೆ: ಚದುರಿಬಿದ್ದ ಚಿಕ್ಕ ಚಿಕ್ಕ ಫೈಲುಗಳನ್ನು ಹುಡುಕುವಾಗ ತಟ್ಟೆಯ ಡಿಸ್ಕು ಪ್ರತಿಯೊಂದಕ್ಕೂ ಹೆಡ್ಡನ್ನು ಸರಿಸಿ, ತಟ್ಟೆ ಸುತ್ತಿ ಬರುವವರೆಗೆ ಕಾಯಬೇಕು, ಎಸ್‌ಎಸ್‌ಡಿಗೆ ಆ ಕಾಯುವಿಕೆಯೇ ಇಲ್ಲ. ಗುಂಡಿಯೊತ್ತಿ ಚಹಾ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಹಳೆಯ ಯಂತ್ರವು ಎಸ್‌ಎಸ್‌ಡಿ ಹಾಕಿದೊಡನೆ ಅರ್ಧ ನಿಮಿಷದೊಳಗೆ ಸಿದ್ಧವಾಗಿ ನಿಲ್ಲುವುದು ಈ ಕಾರಣದಿಂದಲೇ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಮನೆಯಲ್ಲಿಯೇ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಉತ್ತಮ. ನಾನು ಇಡಬೇಕಾದದ್ದು ಏನು, ಎಷ್ಟು? ನನ್ನ ಯಂತ್ರವು ಯಾವುದನ್ನು ಸ್ವೀಕರಿಸಬಲ್ಲುದು? ಈ ಡಿಸ್ಕು ಹೋದ ದಿನ ಒಳಗಿನದು ಮತ್ತೆಲ್ಲಿ ಇರುತ್ತದೆ?

ಮೊದಲನೆಯದನ್ನು ಲೆಕ್ಕದಿಂದಲೇ ನೋಡೋಣ. ಯೂನಿಕೋಡಿನಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ ಸಾಮಾನ್ಯವಾಗಿ 3 ಬೈಟುಗಳು ತಗಲುತ್ತವೆ. ಇನ್ನೂರು ಪುಟಗಳ ಒಂದು ಗ್ರಂಥವು ಬರಿಯ ಅಕ್ಷರರೂಪದಲ್ಲಿ ಸುಮಾರು 1 ಎಂಬಿಯಷ್ಟಾಗುತ್ತದೆ. 1 ಟಿಬಿ ಡಿಸ್ಕಿನಲ್ಲಿ ಅಂತಹ ಹತ್ತು ಲಕ್ಷ ಗ್ರಂಥಗಳು ಹಿಡಿಯುವುದರಿಂದ, ಓದು ಬರಹವಷ್ಟೇ ಉಳ್ಳ ಮನೆಗೆ ಎಷ್ಟು ಚಿಕ್ಕ ಡಿಸ್ಕಾದರೂ ಸಾಕೆಂದೇ ಹೇಳಬೇಕು. ಮೊಬೈಲಿನ ಚಿತ್ರವೊಂದಕ್ಕೆ 4 ಎಂಬಿ ಎಂದಿಟ್ಟುಕೊಂಡರೆ ಅದೇ 1 ಟಿಬಿಯಲ್ಲಿ ಎರಡೂವರೆ ಲಕ್ಷ ಚಿತ್ರಗಳು ನಿಲ್ಲುತ್ತವೆ. ಜಾಗವನ್ನು ನುಂಗುವುದು ವೀಡಿಯೋ. ಮೊಬೈಲಿನಲ್ಲಿ ತೆಗೆದ ಒಳ್ಳೆಯ ದರ್ಜೆಯ ಚಲಚ್ಚಿತ್ರವು ಗಂಟೆಗೆ ಏಳೆಂಟು ಜಿಬಿಯಾಗುವುದುಂಟು. ಇಲ್ಲಿಯ ಸಭಾಭವನವೊಂದರಲ್ಲಿ ಊರಿನ ಮೇಳವು ಬಂದು ರಾತ್ರಿಯಿಡೀ ಆಡಿದ ಯಕ್ಷಗಾನ ಪ್ರಸಂಗವನ್ನು ಪೂರ್ತಿಯಾಗಿ ಹಿಡಿದಿಟ್ಟರೆ ಅದೊಂದಕ್ಕೇ 60 ಜಿಬಿ ಬೇಕಾಗುತ್ತದೆ. ಆದುದರಿಂದ ಈಗ ಇರುವುದೆಷ್ಟು ಎಂಬುದನ್ನು ಯಂತ್ರದಲ್ಲಿ ನೋಡಿ, ಅದರ ಎರಡರಷ್ಟನ್ನು ಕೊಂಡರೆ ನಾಲ್ಕೈದು ವರ್ಷಕ್ಕೆ ಚಿಂತೆಯಿಲ್ಲ. ಇಲ್ಲಿ ಇನ್ನೊಂದು ಮಾತು: 1 ಟಿಬಿಯ ಡಿಸ್ಕನ್ನು ಹಾಕಿ ವಿಂಡೋಸಿನಲ್ಲಿ ನೋಡಿದಾಗ 931 ಜಿಬಿ ಎಂದು ಕಂಡರೆ ಅಂಗಡಿಯವನು ವಂಚಿಸಿದನೆಂದು ಭಾವಿಸಕೂಡದು. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸು 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ವ್ಯತ್ಯಾಸವು ತೋರುತ್ತದೆಯೇ ಹೊರತು ಒಂದು ಬೈಟಾದರೂ ಕಡಮೆಯಾಗಿರುವುದಿಲ್ಲ.

ಎರಡನೆಯ ಪ್ರಶ್ನೆ ಯಂತ್ರದ್ದು. ಡೆಸ್ಕ್‌ಟಾಪಿನ ತಟ್ಟೆಯ ಡಿಸ್ಕು ಮೂರೂವರೆ ಅಂಗುಲದ್ದು. ಲ್ಯಾಪ್‌ಟಾಪಿನದೂ ಸಾಟಾ ಎಸ್‌ಎಸ್‌ಡಿಯೂ ಎರಡೂವರೆ ಅಂಗುಲದವು. ಹತ್ತು ಹದಿನೈದು ವರ್ಷ ಹಳೆಯದಾದ ಡೆಸ್ಕ್‌ಟಾಪಾದರೂ ಸಾಟಾ ಎಸ್‌ಎಸ್‌ಡಿಯನ್ನು ನಿರಾತಂಕವಾಗಿ ಸ್ವೀಕರಿಸುತ್ತದೆ. ಸ್ವಲ್ಪ ಈಚಿನ ಯಂತ್ರಗಳಲ್ಲಿ ಎಂ.2 ಎಂಬ ಸ್ಲಾಟು ಇರುತ್ತದೆ. ಚೂಯಿಂಗ್ ಗಮ್ಮಿನ ಪಟ್ಟಿಯಂತಿರುವ ಎಸ್‌ಎಸ್‌ಡಿಯನ್ನು ಅದರಲ್ಲಿ ಕೂಡಿಸಿ ಒಂದು ಸ್ಕ್ರೂ ಬಿಗಿದರೆ ಆಯಿತು. ಆದರೆ ಎಂ.2 ಎಂಬುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಕೆಲವು ಸ್ಲಾಟುಗಳು ಸಾಟಾ ಬಗೆಯನ್ನು ಮಾತ್ರ, ಕೆಲವು ಎನ್‌ವಿಎಂಇಯನ್ನು ಮಾತ್ರ, ಕೆಲವು ಎರಡನ್ನೂ ಒಪ್ಪುತ್ತವೆ. ಮದರ್‌ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಅದರ ಕೈಪಿಡಿಯಲ್ಲಿ ನೋಡಿದ ಮೇಲೆಯೇ ಹಣ ಕೊಡತಕ್ಕದ್ದು. ಮತ್ತೊಂದು ಸೂಕ್ಷ್ಮ: 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಹಳೆಯ ಎಂಬಿಆರ್ ಪದ್ಧತಿಯಲ್ಲಿ ವಿಭಾಗಿಸಿದರೆ 2 ಟಿಬಿಗೆ ಮೀರಿದ ಭಾಗವು ನಿರುಪಯುಕ್ತವಾಗುತ್ತದೆ, ಜಿಪಿಟಿ ಪದ್ಧತಿಯನ್ನು ಆರಿಸಬೇಕೆಂದು ಜೋಡಿಸುವವನಿಗೆ ಹೇಳಿರಿ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಂಡೋಸ್ 11ನ್ನು ಒಪ್ಪದಷ್ಟು ಹಳೆಯದಾದ ಯಂತ್ರಕ್ಕೆ ದುಬಾರಿಯ ಡಿಸ್ಕು ಹಾಕುವುದೋ, ಅದರಲ್ಲಿ ಲಿನಕ್ಸ್ ನಡೆಸುವುದೋ, ಯಂತ್ರವನ್ನೇ ಬದಲಿಸುವುದೋ ಎಂಬುದನ್ನೂ ಈ ಹಂತದಲ್ಲಿಯೇ ಯೋಚಿಸುವುದು ವಿವೇಕ.

ಬಹುಪಾಲು ಮನೆಗಳಿಗೆ ನಾನು ಸೂಚಿಸುವ ಏರ್ಪಾಡು ಸರಳವಾದದ್ದು: ವಿಂಡೋಸು ಮತ್ತು ನಿತ್ಯದ ಕೆಲಸಕ್ಕೆ 500 ಜಿಬಿಯ ಎಸ್‌ಎಸ್‌ಡಿ, ಚಿತ್ರ, ಹಾಡು, ಚಲಚ್ಚಿತ್ರಗಳ ಭಂಡಾರಕ್ಕೆ ತಟ್ಟೆಯ ಡಿಸ್ಕು. ಎಸ್‌ಎಸ್‌ಡಿಯು ಬರೆದು ಬರೆದು ಸವೆದುಹೋಗುವುದೆಂಬ ಭಯ ಹಲವರಲ್ಲಿ ಇದೆ. ಆ ಗಾತ್ರದ ಒಳ್ಳೆಯ ಎಸ್‌ಎಸ್‌ಡಿಗೆ ತಯಾರಕರು ಕೊಡುವ ಭರವಸೆ ಸಾಮಾನ್ಯವಾಗಿ 300 ಟಿಬಿ ಬರೆಯುವವರೆಗೆ ಇರುತ್ತದೆ. ದಿನಕ್ಕೆ 20 ಜಿಬಿ ಬರೆದರೂ ಅದು ಮುಗಿಯಲು 40 ವರ್ಷ ಬೇಕು. ಸವೆತದ ಭಯಕ್ಕಿಂತ ತಿಳಿಯಬೇಕಾದ ಸಂಗತಿಗಳು ಬೇರೆ ಎರಡಿವೆ. ಎಸ್‌ಎಸ್‌ಡಿಯು ಹೋಗುವಾಗ ಸದ್ದಿಲ್ಲದೆ, ಮುನ್ಸೂಚನೆಯಿಲ್ಲದೆ ಒಮ್ಮೆಗೇ ಹೋಗುವುದುಂಟು, ಹೋದದ್ದನ್ನು ಮರಳಿ ತೆಗೆಯುವುದು ತಟ್ಟೆಯ ಡಿಸ್ಕಿಗಿಂತ ಕಷ್ಟ. ಮತ್ತು ಅದನ್ನು ವಿದ್ಯುತ್ತಿಲ್ಲದೆ ವರ್ಷಾನುಗಟ್ಟಲೆ ಕಪಾಟಿನಲ್ಲಿಟ್ಟರೆ ಕೋಶಗಳಲ್ಲಿನ ವಿದ್ಯುತ್ಕಣಗಳು ಸೋರಿ ಮಾಹಿತಿ ಕೆಡುವ ಸಂಭವವಿದೆ. ಆದಕಾರಣ ಬಹುಕಾಲ ಮುಟ್ಟದೆ ಎತ್ತಿಡುವ ಪ್ರತಿಗೆ ತಟ್ಟೆಯ ಡಿಸ್ಕೇ ಯೋಗ್ಯ.

ತಟ್ಟೆಯ ಡಿಸ್ಕನ್ನು ಇಂದು ತಯಾರಿಸುವವರು ಜಗತ್ತಿನಲ್ಲೆಲ್ಲ ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ. ಇವರಲ್ಲಿ ಯಾರು ಶ್ರೇಷ್ಠರೆಂಬ ವಾದದಲ್ಲಿ ಕಾಲ ಕಳೆಯುವುದಕ್ಕಿಂತ, ಡಿಸ್ಕಿನ ಬರೆಯುವ ಕ್ರಮ ಯಾವುದೆಂದು ವಿಚಾರಿಸುವುದರಿಂದ ಪ್ರಯೋಜನ ಹೆಚ್ಚು. ಒಂದು ಕ್ರಮದಲ್ಲಿ ಬರಹದ ಪಥಗಳು ಹೊಲದ ಸಾಲುಗಳಂತೆ ಒಂದರ ಪಕ್ಕಕ್ಕೊಂದು ಬಿಡಿಬಿಡಿಯಾಗಿರುತ್ತವೆ. ಇದನ್ನು ಸಿಎಂಆರ್ ಎನ್ನುತ್ತಾರೆ. ಇನ್ನೊಂದರಲ್ಲಿ, ನಮ್ಮ ಕರಾವಳಿಯ ಮನೆಗಳ ಮಾಡಿನ ಮೇಲೆ ಮಂಗಳೂರು ಹೆಂಚುಗಳನ್ನು ಹೊದಿಸುವಂತೆ, ಒಂದು ಪಥದ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಹತ್ತಿಸಿ ಬರೆಯಲಾಗುತ್ತದೆ, ಇದು ಎಸ್‌ಎಂಆರ್. ನಡುವಿನ ಒಂದು ಹೆಂಚನ್ನು ಬದಲಿಸಬೇಕಾದರೆ ಅದರ ಮೇಲೆ ಹೊದ್ದಿರುವವನ್ನೂ ಎತ್ತಿ ಮತ್ತೆ ಹೊದಿಸಬೇಕಾಗುವಂತೆ, ಇಲ್ಲಿಯೂ ಒಂದು ಪಥವನ್ನು ತಿದ್ದಲು ಸಾಲುಸಾಲನ್ನೇ ಪುನಃ ಬರೆಯಬೇಕಾಗುವುದರಿಂದ, ಒಂದೇ ಸಮನೆ ಬರೆಯುವ ಕೆಲಸದಲ್ಲಿ ಡಿಸ್ಕು ಬಹಳ ನಿಧಾನವಾಗುತ್ತದೆ. ಯಾವ ಮಾದರಿಯಲ್ಲಿ ಯಾವ ಕ್ರಮವಿದೆಯೆಂಬುದನ್ನು ಹೇಳದೆ ಮಾರಿದ ಬಗ್ಗೆ 2020ರಲ್ಲಿ ಗ್ರಾಹಕರಿಂದ ದೊಡ್ಡ ಆಕ್ಷೇಪವೆದ್ದ ತರುವಾಯ ತಯಾರಕರು ಮಾದರಿಗಳ ಪಟ್ಟಿಯನ್ನು ಪ್ರಕಟಿಸಿದರು. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ತುಂಬಿಟ್ಟು ಆಗಾಗ ಓದುವ ಭಂಡಾರಕ್ಕೆ ಹೆಂಚಿನ ಕ್ರಮದ್ದು ಸಾಕು. ದಿನವೂ ವೀಡಿಯೋ ಸಂಕಲನ ಮಾಡುವವರು ಸಿಎಂಆರನ್ನೇ ಕೇಳಿ ಕೊಳ್ಳುವುದು ಲೇಸು.

ಇನ್ನು ಕೊಳ್ಳುವ ಸ್ಥಳ. ಮುಂಬಯಿಯಲ್ಲಿ ಈ ವ್ಯಾಪಾರದ ಹಳೆಯ ಪೇಟೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿಗೆ ಸಮೀಪದ ಲ್ಯಾಮಿಂಗ್ಟನ್ ರೋಡ್, ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗವೆಂದು ಹೆಸರು ಬದಲಾದರೂ ಜನರ ಬಾಯಲ್ಲಿ ಹಳೆಯದೇ ನಿಂತಿದೆ. ಬಿಡಿಭಾಗಗಳ ಅಂಗಡಿಗಳು ಒತ್ತಾಗಿರುವುದರಿಂದ ನಾಲ್ಕು ಕಡೆ ಬೆಲೆ ಕೇಳಿ ಕೊಳ್ಳುವ ಅನುಕೂಲ ಅಲ್ಲಿದೆ. ಆದರೆ ನಮ್ಮ ಡೊಂಬಿವಲಿ, ಕಲ್ಯಾಣ, ಥಾಣೆಯ ಸ್ಟೇಷನ್ ಆಸುಪಾಸಿನ ಅಂಗಡಿಗಳಲ್ಲಿಯೂ ವಾಶಿಯಲ್ಲಿಯೂ ಅದೇ ಡಿಸ್ಕುಗಳು ದೊರೆಯುತ್ತವೆ. ಬೆಲೆಯಲ್ಲಿ ಕೊಂಚ ಅಂತರವಿದ್ದರೂ ನಾಳೆ ದೋಷ ಕಂಡುಬಂದಾಗ ನಡೆದುಹೋಗಿ ಕೇಳಬಲ್ಲ ಅಂಗಡಿಯ ಬೆಲೆ ಬೇರೆಯೇ. ಎಲ್ಲಿ ಕೊಂಡರೂ ಜಿಎಸ್‌ಟಿ ಸಹಿತವಾದ ಬಿಲ್ಲನ್ನು, ಅದರ ಮೇಲೆ ಡಿಸ್ಕಿನ ಸೀರಿಯಲ್ ನಂಬರನ್ನು ಬರೆಸಿಕೊಳ್ಳಿರಿ. ಅಂಗಡಿಯಲ್ಲಿಯೇ ನಿಂತು, ಆ ನಂಬರನ್ನು ತಯಾರಕರ ಜಾಲತಾಣದಲ್ಲಿ ಒತ್ತಿ ನೋಡಿರಿ. ವಾರಂಟಿ ಭಾರತದಲ್ಲಿ ಇದೆಯೇ, ಎಂದಿನವರೆಗೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಬೇರೆ ದೇಶಕ್ಕೆಂದು ತಯಾರಾಗಿ ಅಡ್ಡದಾರಿಯಲ್ಲಿ ಬಂದ ಡಿಸ್ಕಿಗೂ, ಹಳೆಯದನ್ನು ಒರೆಸಿ ಹೊಸ ಚೀಟಿ ಹಚ್ಚಿದ ಡಿಸ್ಕಿಗೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಠಿಣ. ಆನ್‌ಲೈನಿನಲ್ಲಿ 16 ಟಿಬಿಯ ಪುಟ್ಟ ಎಸ್‌ಎಸ್‌ಡಿಯನ್ನು ಸಾವಿರ ಎರಡು ಸಾವಿರ ರೂಪಾಯಿಗೆ ಕೊಡುವೆನೆಂಬ ಜಾಹೀರಾತು ಕಂಡರೆ ಅದು ಮೋಸವೆಂದು ನಿಶ್ಚಯವಾಗಿ ತಿಳಿಯಿರಿ; ಒಳಗೆ ಒಂದು ಮೆಮೊರಿ ಕಾರ್ಡಿರುತ್ತದೆ, ಅದು ತುಂಬಿದ ಮೇಲೆ ಬರೆದದ್ದೆಲ್ಲವೂ ಮಾಯವಾಗುತ್ತದೆ. ವಾರಂಟಿಯ ವಿಚಾರದಲ್ಲಿ ಮರೆಯಬಾರದ ಮಾತೆಂದರೆ, ಅದು ಡಿಸ್ಕಿಗೆ ಮಾತ್ರ. ಡಿಸ್ಕು ಕೆಟ್ಟರೆ ಡಿಸ್ಕು ಕೊಡುತ್ತಾರೆ, ತಂದೆಯ ಧ್ವನಿಯನ್ನು ಯಾರೂ ಕೊಡಲಾರರು.

ತಟ್ಟೆಯ ಡಿಸ್ಕನ್ನು ಕೊಂಡು ಸಾಯಂಕಾಲದ ಲೋಕಲಿನಲ್ಲಿ ಮರಳುವವರು ಅದನ್ನು ಮೇಲಿನ ಹಲಗೆಯ ಮೇಲಿಡದೆ ಚೀಲದ ನಡುವೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದು ತರುವುದು ಒಳ್ಳೆಯದು. ನಿಂತಿರುವ ಡಿಸ್ಕು ಗಾಡಿಯ ಅಲುಗಾಟವನ್ನು ತಾಳುತ್ತದೆ, ಕೈಜಾರಿ ಬಿದ್ದ ಪೆಟ್ಟನ್ನು ತಾಳಲಾರದು. ಮನೆಗೆ ತಂದು ಜೋಡಿಸಿದ ದಿನವೇ ಅದರ ಆರೋಗ್ಯವನ್ನು ಪರೀಕ್ಷಿಸಬೇಕು. ಪ್ರತಿಯೊಂದು ಡಿಸ್ಕೂ ತನ್ನ ನಾಡಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂಬ ಆ ದಾಖಲೆಯನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋದಂತಹ ಉಚಿತ ಸಾಧನದಿಂದ ಓದಬಹುದು. ಎಷ್ಟು ಗಂಟೆ ಓಡಿದೆಯೆಂಬ ಅಂಕಿ ಹೊಸ ಡಿಸ್ಕಿನಲ್ಲಿ ಸೊನ್ನೆಗೆ ಸಮೀಪವಿರಬೇಕು. ಕೆಟ್ಟ ಜಾಗವನ್ನು ಬಿಟ್ಟು ಬೇರೆಡೆಗೆ ಸ್ಥಳಾಂತರಿಸಿದ ವಿಭಾಗಗಳ ಎಣಿಕೆಯೂ, ಓದಲಾಗದೆ ಕಾದಿರಿಸಿದ ವಿಭಾಗಗಳ ಎಣಿಕೆಯೂ ಸೊನ್ನೆಯಾಗಿರಬೇಕು. ಮುಂದೆ ಎಂದಾದರೂ ಅವು ಏರತೊಡಗಿದರೆ, ಟಕ್ ಟಕ್ ಸದ್ದಿಗೆ ಕಾಯದೆ, ಅಂದೇ ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮ ಈ ಭಾಗದಲ್ಲಿ ಡೆಸ್ಕ್‌ಟಾಪಿಗೆ ಒಂದು ಯುಪಿಎಸ್ ಇರುವುದು ಭೋಗವಲ್ಲ, ಅಗತ್ಯ. ಯಂತ್ರವನ್ನು ಕ್ರಮವಾಗಿ ಮುಚ್ಚಲು ಹತ್ತು ನಿಮಿಷ ದೊರೆತರೆ ಸಾಕು. ಅದೊಂದು ಇದ್ದಿದ್ದರೆ ಆ ಆಷಾಢದ ಸಂಜೆ ನಮ್ಮ ಡಿಸ್ಕಿನ ಮೇಲೆ ಮೂರು ಪೆಟ್ಟುಗಳು ಬೀಳುತ್ತಿರಲಿಲ್ಲ.

ಈಗ ಮೂರನೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಅಭಿಪ್ರಾಯದಲ್ಲಿ ಮೊದಲಿನ ಎರಡೂ ಇದರ ಪೀಠಿಕೆ ಮಾತ್ರ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅದನ್ನು ನಾವು ದಾನವೆಂದು ಮಾತ್ರ ತಿಳಿದಿದ್ದೆವು. ಡಿಸ್ಕು ಕಳೆದುಕೊಂಡ ಮೇಲೆ ನನಗೆ ಅದು ಸಂರಕ್ಷಣೆಯ ಶಾಸ್ತ್ರವಾಗಿಯೂ ಕಂಡಿತು. ಓಲೆಗರಿಗೆ ಹುಳುವಿನ ಭಯ, ಬೆಂಕಿಯ ಭಯ, ನೀರಿನ ಭಯ. ಒಂದು ಗರಿಯ ಆಯುಸ್ಸನ್ನು ಹೆಚ್ಚಿಸುವುದಕ್ಕಿಂತ ಗರಿಗಳ ಸಂಖ್ಯೆಯನ್ನು ಹೆಚ್ಚಿಸಿ ಬೇರೆ ಬೇರೆ ಊರುಗಳಲ್ಲಿ ಇರಿಸುವುದೇ ಗ್ರಂಥವನ್ನು ಉಳಿಸುವ ಮಾರ್ಗವೆಂಬುದನ್ನು ಆ ಮಹಾತಾಯಿ ಕಾರ್ಯದಿಂದ ತೋರಿಸಿದಳು. ಶಾಂತಿಪುರಾಣವು ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯವು ನಮಗೆ ದೊರೆತಿಲ್ಲ. ಒಬ್ಬನೇ ಕವಿಯ ಎರಡು ಕೃತಿಗಳಿಗೆ ಒದಗಿದ ಈ ಎರಡು ಗತಿಗಳನ್ನು ನೆನೆದಾಗಲೆಲ್ಲ ಕನ್ನಡಿಗರಾದ ನಮಗೆ ಬ್ಯಾಕಪ್ಪಿನ ಪಾಠವನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲವೆಂದು ಅನ್ನಿಸುತ್ತದೆ.

ಇಂದಿನ ತಜ್ಞರು ಇದನ್ನೇ ಮೂರು-ಎರಡು-ಒಂದು ಎಂಬ ಸೂತ್ರವಾಗಿ ಹೇಳುತ್ತಾರೆ: ಒಟ್ಟು ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೊಂದು ಸ್ಥಳದಲ್ಲಿರಲಿ. ಬೇರೊಂದು ಸ್ಥಳವೆಂಬ ಮಾತಿನ ತೂಕವನ್ನು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಒಂದೇ ದಿನದ ಮಳೆ 944 ಮಿಲಿಮೀಟರಾಗಿ ದಾಖಲಾದಾಗ, ಉಲ್ಹಾಸ್ ನದಿಯೂ ಉಕ್ಕಿ, ಬದ್ಲಾಪುರದಿಂದ ಕಲ್ಯಾಣ ಡೊಂಬಿವಲಿಗಳವರೆಗೆ ತಗ್ಗಿನ ಮನೆಗಳ ನೆಲ ಅಂತಸ್ತುಗಳಿಗೆ ನೀರು ನುಗ್ಗಿತು. ಅಂತಹ ಮನೆಯೊಂದರಲ್ಲಿ ಮೇಜಿನ ಕೆಳಗಿನ ಕಂಪ್ಯೂಟರೂ, ಅದೇ ಮೇಜಿನ ಖಾನೆಯಲ್ಲಿಟ್ಟ ಬ್ಯಾಕಪ್ ಡಿಸ್ಕೂ ಒಟ್ಟಿಗೇ ಮುಳುಗುತ್ತವೆ. ಆರು ವರ್ಷಗಳ ಬಳಿಕ, 2011ರಲ್ಲಿ, ಥಾಯ್ಲೆಂಡಿನ ನೆರೆಯು ಅಲ್ಲಿಯ ಡಿಸ್ಕು ಕಾರ್ಖಾನೆಗಳನ್ನೇ ಮುಳುಗಿಸಿ, ಲೋಕದಲ್ಲೆಲ್ಲ ಡಿಸ್ಕುಗಳ ಬೆಲೆಯನ್ನು ಏರಿಸಿತು. ನೀರಿಗೆ ಮನೆಯೂ ಒಂದೇ, ಕಾರ್ಖಾನೆಯೂ ಒಂದೇ.

ಆದಕಾರಣ ನನ್ನ ಸೂಚನೆ ಇದು. ಒಳಗಿನ ಡಿಸ್ಕಿಗೆ ಮೀಸಲಿಟ್ಟ ಹಣದಲ್ಲಿ ಅತಿ ದೊಡ್ಡ ಒಂದನ್ನು ಕೊಳ್ಳದೆ, ಸಾಧಾರಣ ಗಾತ್ರದ ಒಂದನ್ನೂ, ಅದೇ ಗಾತ್ರದ, ಯುಎಸ್‌ಬಿಗೆ ಜೋಡಿಸುವ ಹೊರ ಡಿಸ್ಕನ್ನೂ ಕೊಳ್ಳಿರಿ. ತಿಂಗಳ ಮೊದಲ ಭಾನುವಾರವೆಂದು ದಿನ ಗೊತ್ತುಮಾಡಿ ಪ್ರತಿ ತೆಗೆಯಿರಿ. ತೆಗೆದ ಕೂಡಲೆ ಬಿಚ್ಚಿ, ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಬಿಗಿಯಾದ ಡಬ್ಬಿಯಲ್ಲಿಡಿರಿ. ಬಿಚ್ಚದೆ ಇಟ್ಟ ಡಿಸ್ಕಿಗೆ ಕಂಪ್ಯೂಟರಿಗೆ ಬಡಿದ ಸಿಡಿಲೂ ಹೊಕ್ಕ ವೈರಸ್ಸೂ ತಪ್ಪದು. ಮೂರನೆಯ ಪ್ರತಿಯು ಡೊಂಬಿವಲಿಯವರದು ನೆರೂಲಿನ ಅಕ್ಕನ ಮನೆಯಲ್ಲಿರಲಿ, ನೆರೂಲಿನವರದು ಕುಂದಾಪುರದಲ್ಲಿಯೋ ವಿಜಯಪುರದಲ್ಲಿಯೋ ಇರುವ ಅಣ್ಣನ ಮನೆಯಲ್ಲಿರಲಿ; ರಜೆಗೆ ಹೋದಾಗ ಬದಲಿಸಿ ತಂದರಾಯಿತು. ಕ್ಲೌಡಿನಲ್ಲಿಡುವವರು ಇಡಲಿ, ಅದೂ ಒಂದು ಪ್ರತಿಯೇ. ಕ್ಲೌಡ್ ಎಂದ ಮಾತ್ರಕ್ಕೆ ಅದು ಆಕಾಶದಲ್ಲಿಲ್ಲ. ಥಾಣೆಯಿಂದ ವಾಶಿಗೆ ಹೋಗುವ ಲೋಕಲಿನಲ್ಲಿ ಐರೋಲಿ, ರಬಾಳೆ, ಘನ್ಸೋಲಿಗಳನ್ನು ದಾಟುವಾಗ ಆ ಪಟ್ಟಿಯಲ್ಲಿ ಎದ್ದಿರುವ ಡೇಟಾ ಸೆಂಟರುಗಳಂತಹ ಕಟ್ಟಡಗಳಲ್ಲಿ, ನಾವು ಮನೆಗೆ ಕೊಳ್ಳುವಂತಹ ಡಿಸ್ಕುಗಳೇ ಸಾಲುಸಾಲಾಗಿ ತಿರುಗುತ್ತಿರುತ್ತವೆ. ಅಲ್ಲಿಯವರೂ ಒಂದು ಡಿಸ್ಕನ್ನು ನಂಬುವುದಿಲ್ಲ, ಪ್ರತಿಗಳನ್ನು ನಂಬುತ್ತಾರೆ.

ಪ್ರತಿಯು ಇದ್ದರೆ ಸಾಲದು, ಓದಲು ಬರುವಂತೆ ಇರಬೇಕು. ಮುಂಬಯಿಯ ಕನ್ನಡ ಸಂಘಗಳ ಸ್ಮರಣಸಂಚಿಕೆಗಳೂ ಲೇಖಕರ ಹಸ್ತಪ್ರತಿಗಳೂ ಶ್ರೀಲಿಪಿ, ಹಳೆಯ ನುಡಿ, ಹಳೆಯ ಬರಹ ಮೊದಲಾದವುಗಳ ಹಿಂದಿನ ಅಕ್ಷರವಿನ್ಯಾಸಗಳಲ್ಲಿ ಅದೆಷ್ಟೋ ಉಳಿದಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಹೊಸ ಡಿಸ್ಕಿಗೆ ಇಳಿಸುವ ಸಂದರ್ಭವೇ ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಲು ಸುಸಮಯ. ಹಳೆಯ ಡಿಸ್ಕನ್ನೂ ರದ್ದಿಯವನಿಗೆ ಹಾಗೆಯೇ ಕೊಡಬೇಡಿರಿ. ಆಧಾರ್, ಬ್ಯಾಂಕಿನ ಕಾಗದಗಳ ನಕಲುಗಳು ಅದರಲ್ಲಿರುತ್ತವೆ. ಪೂರ್ತಿಯಾಗಿ ಅಳಿಸಿ, ಅಳಿಸಲಾಗದಿದ್ದರೆ ತಟ್ಟೆಗೆ ತೂತು ಕೊರೆಯಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದು ಸರಿಯಾದ ರೀತಿ.

ನಮ್ಮ ಮನೆಗೆ ಆಮೇಲೆ ಕೊಂಡ ಹೊಸ ಕಂಪ್ಯೂಟರಿನಲ್ಲಿ ಈಗ ಎಸ್‌ಎಸ್‌ಡಿಯೊಂದು, ತಟ್ಟೆಯ ಡಿಸ್ಕೊಂದು. ಕಪಾಟಿನ ಡಬ್ಬಿಯಲ್ಲಿ ಒಂದು ಹೊರ ಡಿಸ್ಕು. ವಾಶಿಯ ತಂಗಿಯ ಮನೆಯಲ್ಲಿ ಇನ್ನೊಂದು. ತಂದೆಯವರ ವಾಚನವು ಮೂರು ಕಡೆಯೂ ಇದೆ. ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ಈ ಪುಟವನ್ನು ಮಗುಚುವ ಮುನ್ನ, ಜಗತ್ತಿನಲ್ಲಿ ನಿಮ್ಮಲ್ಲಿ ಮಾತ್ರ ಇರುವ, ಕಳೆದರೆ ಮತ್ತೆ ದೊರೆಯದ ಒಂದು ಫೈಲು ಯಾವುದೆಂದು ನೆನಪಿಸಿಕೊಳ್ಳಿರಿ, ಹೊಸ ಡಿಸ್ಕು ಬರುವವರೆಗೆ ಕಾಯದೆ, ಇಂದು ರಾತ್ರಿಯೇ ಅದಕ್ಕೆ ಇನ್ನೊಂದು ಪ್ರತಿ ಮಾಡಿ ನಿಮ್ಮವರೊಬ್ಬರ ಕೈಗೆ ಕೊಡಿರಿ.